ಸೂರ್ಯನನ್ನು ತಿರುಗಿಸುವ ಚಕ್ರ

ರೆಂಡರಣ್ಣನಿಗೆ ಆ ದಿನ ಎದ್ದಾಗಿನಿಂದಲೂ ಸೂರ್ಯನ ಮೇಲೆ ಸಿಟ್ಟು. ಆಕಾಶದ ಸೂರ್ಯನ ಮೇಲಲ್ಲ. ಅವನು ಪಾಪ, ಯಾರಿಂದಲೂ ಹೇಳಿಸಿಕೊಳ್ಳದೆ ಮೂಡಣದಲ್ಲಿ ಹುಟ್ಟಿ ಪಡುವಣದಲ್ಲಿ ಮುಳುಗುತ್ತಾನೆ. ಸಿಟ್ಟು ಇದ್ದದ್ದು ಕಂಪ್ಯೂಟರಿನೊಳಗಿನ ಸೂರ್ಯನ ಮೇಲೆ.

ಅವನ ಕೆಲಸ ಮನೆಗಳ ನಕ್ಷೆ ಮಾಡಿಕೊಡುವ ಒಂದು ಸಣ್ಣ ಆಫೀಸಿನಲ್ಲಿ. ನಕ್ಷೆ ಬರೆಯುವವರು ಯಜಮಾನರು. ಆ ನಕ್ಷೆಯ ಗೋಡೆ, ಕಿಟಕಿ, ಮೆಟ್ಟಿಲುಗಳನ್ನು ಕಂಪ್ಯೂಟರಿನಲ್ಲಿ ಮಾದರಿಯಾಗಿ ನಿಲ್ಲಿಸಿ, ಅದಕ್ಕೆ ಬಿಸಿಲು ನೆರಳು ತುಂಬಿ, ಇನ್ನೂ ಕಟ್ಟದ ಮನೆಯೊಳಗೆ ಗಿರಾಕಿ ಓಡಾಡಿ ಬಂದ ಹಾಗೆ ಪರದೆಯ ಮೇಲೆ ತೋರಿಸುವವನು ಇವನು. ಇದಕ್ಕೆ ರೆಂಡರಿಂಗ್ ಎನ್ನುತ್ತಾರೆ. ಹಾಗಾಗಿ ಅವನು ಎಲ್ಲರ ಬಾಯಲ್ಲೂ ರೆಂಡರಣ್ಣ.

ಮಾದರಿ ಕಟ್ಟುವ ಸಾಫ್ಟ್‌ವೇರ್ ಒಂದು ಕಂಪನಿಯದು, ಬಿಸಿಲು ತುಂಬುವ ಪ್ಲಗಿನ್ ಇನ್ನೊಂದು ಕಂಪನಿಯದು. ಈ ಪ್ಲಗಿನ್ನನ್ನು ಯಾವ ಮಾಡೆಲಿಂಗ್ ಸಾಫ್ಟ್‌ವೇರಿನೊಳಗೆ ಬೇಕಾದರೂ ಕೂರಿಸಬಹುದು ಎಂದು ಜಾಹೀರಾತು. ಕೂರುತ್ತದೆ, ನಿಜ. ಆದರೆ ಕೂತ ಕಡೆಯೆಲ್ಲ ಒಂದೇ ಥರ ನಡೆದುಕೊಳ್ಳುವುದಿಲ್ಲ. ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ. ಬೇರೆ ಸಾಫ್ಟ್‌ವೇರುಗಳಲ್ಲಿ ಉತ್ತರ ದಿಕ್ಕು ಯಾವ ಕಡೆಗಿದೆ ಎಂದು ಅದು ಮಾದರಿಯನ್ನು ನೋಡಿ ತಾನೇ ತಿಳಿದುಕೊಳ್ಳುತ್ತದೆ. ರೆಂಡರಣ್ಣನ ಆಫೀಸಿನ ಸಾಫ್ಟ್‌ವೇರಿನಲ್ಲಿ ಮಾತ್ರ ಮೂಲೆಯಲ್ಲಿ ಒಂದು ಪುಟ್ಟ ಚಕ್ರ. ಉತ್ತರ ಎಲ್ಲಿದೆ ಎಂದು ಅದನ್ನು ಕೈಯಾರೆ ತಿರುಗಿಸಿ ಹೇಳಬೇಕು. ಮರೆತರೆ ಹಾಳೆಯ ಮೇಲ್ಗಡೆಯೇ ಉತ್ತರ ಎಂದುಕೊಂಡು ಸೂರ್ಯನನ್ನು ಹುಟ್ಟಿಸಿಬಿಡುತ್ತದೆ. ಮಾದರಿಗೆ ದಿಕ್ಕು ಗೊತ್ತು, ಪ್ಲಗಿನ್ ಕೇಳುವುದಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದರೆ ಇದೇ.

ಇದರ ಜೊತೆಗೆ ಯಜಮಾನರದ್ದೊಂದು ಹಟ. ರಸ್ತೆ ಯಾವ ದಿಕ್ಕಿಗಾದರೂ ಇರಲಿ, ಅದು ಹಾಳೆಯ ಕೆಳಗಡೆಯೇ ಬರಬೇಕು. "ಮನೆ ಗಿರಾಕಿಗೆ ಮುಖ ಕೊಟ್ಟು ನಿಲ್ಲಬೇಕಪ್ಪ, ಬೆನ್ನಲ್ಲ" ಎನ್ನುವುದು ಅವರ ಸಿದ್ಧಾಂತ. ಈಗ ಕೈಯಲ್ಲಿದ್ದ ಮನೆಗೆ ರಸ್ತೆ ಇದ್ದದ್ದು ಉತ್ತರಕ್ಕೆ. ಅಂದರೆ ನಕ್ಷೆ ಪೂರ್ತಿ ತಲೆಕೆಳಗು. ಹೋದ ವಾರ ರೆಂಡರಣ್ಣ ಚಕ್ರ ತಿರುಗಿಸುವುದನ್ನು ಮರೆತ. ಪರದೆಯ ಮೇಲೆ ಬೆಳಗಿನ ಸೂರ್ಯ ಪಡುವಣದಲ್ಲಿ ಹುಟ್ಟಿ, ಬಚ್ಚಲುಮನೆಯ ಮೂಲಕ ನಡುಮನೆಗೆ ಬಂದ.

ಬೇರೆ ಯಾರಾದರೂ ಆಗಿದ್ದರೆ ಗಮನಿಸುತ್ತಿರಲಿಲ್ಲ. ಗಿರಾಕಿ ನಿವೃತ್ತ ಭೂಗೋಳದ ಮೇಷ್ಟ್ರು.

"ನಾನು ಇಡೀ ಆಯುಷ್ಯ ಮಕ್ಕಳಿಗೆ ಬೇರೇನೋ ಹೇಳಿಕೊಟ್ಟೆ ಅನ್ಸುತ್ತೆ" ಎಂದಷ್ಟೇ ಹೇಳಿ ಎದ್ದುಹೋಗಿದ್ದರು ಮೇಷ್ಟ್ರು.

ಅವರು ಹೋದ ಮೇಲೆ ಯಜಮಾನರು ಹೇಳಿದ್ದು ಇನ್ನೂ ಚಿಕ್ಕದು. "ಇನ್ನೊಂದು ಸಲ ಹೀಗಾದ್ರೆ ಚಿತ್ರದ ಕೆಲಸಾನೆಲ್ಲ ಹೊರಗಿನೋರಿಗೆ ಕೊಟ್ಟುಬಿಡ್ತೀನಿ."

ಆ ಇನ್ನೊಂದು ಸಲ ಇವತ್ತು. ಮೇಷ್ಟ್ರು ಸಂಜೆ ಬರುವವರಿದ್ದರು.

ರೆಂಡರಣ್ಣ ಆಫೀಸಿಗೆ ಬಂದವನೇ ಚಕ್ರವನ್ನು ಅರ್ಧ ಸುತ್ತು ತಿರುಗಿಸಿದ. ಬೆಳಗಿನ ಬಿಸಿಲು ಮೂಡಣದ ಕಿಟಕಿಯಿಂದ ಇಳಿದು, ಮೇಷ್ಟ್ರು ಓದಲು ಕೂರಬೇಕೆಂದಿದ್ದ ಕುರ್ಚಿಯ ಮೇಲೆ ಬೆಕ್ಕಿನ ಮರಿಯ ಹಾಗೆ ಮುದುಡಿ ಮಲಗಿತು. ಇಲ್ಲಿಗೆ ಬಿಟ್ಟಿದ್ದರೆ ಕತೆಯೇ ಇರುತ್ತಿರಲಿಲ್ಲ. ಆದರೆ ಸಿಟ್ಟು ಸುಮ್ಮನೆ ಇರಗೊಡುತ್ತದೆಯೇ? ಅವನು ಪ್ಲಗಿನ್ ಕಂಪನಿಯ ವೆಬ್‌ಸೈಟ್ ತೆರೆದ. ಅಲ್ಲಿ ಬಳಸುವವರು ತಮಗೇನು ಬೇಕೆಂದು ಬೇಡಿಕೆ ಬರೆಯಬಹುದು, ಉಳಿದವರು ಅದರ ಕೆಳಗೆ ಹೆಬ್ಬೆರಳಿನ ಗುರುತು ಒತ್ತಿ ಮತ ಹಾಕಬಹುದು. ಚಕ್ರದ ವಿಷಯವಾಗಿ ಅವನು ಬರೆದು ವರ್ಷಗಳಾಗಿದ್ದವು. ಅದರ ಮೇಲೆ ಆ ದಿನ ಹೊಸ ಪ್ರಕಟಣೆ ಕುಳಿತಿತ್ತು: ಇನ್ನೊಂದು ಸಾಫ್ಟ್‌ವೇರಿನವರಿಗೆ ಆಕಾಶದಲ್ಲಿ ಹಾರುವ ಹಕ್ಕಿಗಳನ್ನು ಕೊಡಲಾಗಿದೆ.

"ಅವರಿಗೆ ಹಕ್ಕಿ ಅಂತೆ" ಎಂದು ರೆಂಡರಣ್ಣ ಗೊಣಗಿದ. "ನಮಗೆ ದಿಕ್ಕೇ ಇಲ್ಲ."

ಪಕ್ಕದ ಮೇಜಿನಿಂದ ಬೀಮಣ್ಣ ಕುರ್ಚಿ ಸಮೇತ ಉರುಳಿಕೊಂಡು ಬಂದ. ಅವನು ಆಫೀಸಿನ ಎಂಜಿನಿಯರು. ಖಾಲಿ ಜಾಗ ಕಂಡಲ್ಲೆಲ್ಲ ಒಂದು ಬೀಮು ಹಾಕುವವನು, ಮಾತಿನ ನಡುವೆಯೂ.

"ಏನು ಬರ್ದಿದೀಯ ತೋರ್ಸು... ದಯವಿಟ್ಟು, ಸಾಧ್ಯವಾದರೆ, ಅನುಕೂಲವಾದಾಗ... ಇದೇನು ಹೆಣ್ಣು ಕೇಳೋಕೆ ಹೋಗಿದೀಯಾ? ಬಗ್ಗಿದೋನಿಗೆ ಒಂದು ಗುದ್ದು ಜಾಸ್ತಿ. ಬಿಸಿಯಾಗಿ ಬರಿ."

"ಏನಂತ ಬರೀಲಿ?"

"ಆ ಚಕ್ರ ಕಂಡ್ರೆ ಮೈ ಉರಿಯುತ್ತೆ, ಕಿತ್ತು ಬಿಸಾಕಿ, ಇನ್ನೊಂದು ಸಲ ಅದರ ಮುಖ ತೋರಿಸ್ಬೇಡಿ ಅಂತ ಬರಿ."

ರೆಂಡರಣ್ಣನ ಹೊಟ್ಟೆಯಲ್ಲಿ ವರ್ಷಗಳಿಂದ ಕೂಡಿಟ್ಟಿದ್ದೆಲ್ಲ ಬೆರಳ ತುದಿಗೆ ಬಂತು. ಬರೆದ. ಒಂದೇ ಪ್ಲಗಿನ್ನಿಗೆ ಎರಡು ನಾಲಿಗೆ ಯಾಕೆ ಎಂದು ಕೇಳಿದ. ನಿಮ್ಮ ಸೂರ್ಯನಿಗಿಂತ ನಮ್ಮ ಮೆಟ್ಟಿಲ ಕೆಳಗಿನ ಬಲ್ಬು ಮೇಲು, ಅದು ಇಟ್ಟ ಕಡೆ ಇರುತ್ತದೆ ಎಂದ. ಚಕ್ರವನ್ನು ಕಿತ್ತು ಬಿಸಾಡುವ ಮಾತನ್ನು ದಪ್ಪಕ್ಷರದಲ್ಲಿ ಹಾಕಿದ.

"ಮತ ಹಾಕಿಸ್ಬೇಕು ಇದಕ್ಕೆ" ಎಂದರು ಲೆಕ್ಕಪತ್ರ ನೋಡುವ ಲೆಕ್ಕದಕ್ಕ, ಕರೆಯದೆಯೇ ಬಂದು ಹಿಂದೆ ನಿಂತಿದ್ದವರು. "ನಮ್ಮ ಅಪಾರ್ಟ್‌ಮೆಂಟ್ ಗುಂಪಿಗೆ ಕಳಿಸ್ತೀನಿ. ಬೆಳಗಾದ್ರೆ ಹೂವಿನ ಚಿತ್ರ ಕಳಿಸ್ತಾ ಕೂತಿರ್ತಾರೆ, ಒಂದು ಕೆಲಸ ಆದ್ರೂ ಆಗ್ಲಿ."

"ಅಕ್ಕ, ಅವರಿಗೆ ರೆಂಡರಿಂಗ್ ಅಂದ್ರೆ ಗೊತ್ತಾ?"

"ಮತ ಹಾಕೋಕೆ ವಿಷಯ ಗೊತ್ತಿರ್ಬೇಕಾ?"

ಬೀಮಣ್ಣ ತನ್ನ ಎಂಜಿನಿಯರುಗಳ ಗುಂಪಿಗೆ ಕಳಿಸಿದ. ಅಷ್ಟರಲ್ಲಿ ಊಟ ಆಯಿತಾ ಎಂದು ಕೇಳಲು ಹೆಂಡತಿಯ ಫೋನು ಬಂತು. ರೆಂಡರಣ್ಣ ಊಟದ ಬದಲು ಚಕ್ರದ ಕತೆ ಹೇಳಿದ.

"ಅನ್ಯಾಯ ಕಣ್ರೀ ಇದು" ಎಂದಳು ಆಕೆ. ಗಂಡನನ್ನು ಬೈಯುವ ಹಕ್ಕು ತನ್ನದೊಬ್ಬಳದೇ ಎಂದು ನಂಬಿದವಳು. "ನನಗೂ ಕಳಿಸಿ. ನಮ್ಮ ಬೀದಿಯವರ ಹತ್ರ ಎಲ್ಲ ಹಾಕಿಸ್ತೀನಿ. ಎಲ್ಲಿ ಒತ್ತಬೇಕು ಹೇಳಿ."

"ನನ್ನ ಹೆಸರಿರೋ ಕಡೆ ಹೆಬ್ಬೆರಳು ಒತ್ತು. ಅಷ್ಟೇ."

ಮಧ್ಯಾಹ್ನದ ಹೊತ್ತಿಗೆ ವಿಚಿತ್ರವೊಂದು ನಡೆಯಿತು. ಈ ಬೀದಿ, ಅಪಾರ್ಟ್‌ಮೆಂಟುಗಳ ಮತಗಳನ್ನು ಕಂಡು ಬೇರೆ ಬೇರೆ ದೇಶಗಳಲ್ಲಿ ಇದೇ ಚಕ್ರದ ಕೈಯಲ್ಲಿ ನೊಂದಿದ್ದ ಜನ ಎಚ್ಚೆತ್ತರು. ಅವರೂ ಒತ್ತಿದರು. ಬಲ್ಬಿನ ಮಾತು ಎಲ್ಲರಿಗೂ ಬಹಳ ಹಿಡಿಸಿತ್ತು. ಮತಗಳು ಉಕ್ಕುವ ಹಾಲಿನಂತೆ ಏರತೊಡಗಿದವು. ಕೊನೆಗೆ ಕಂಪನಿಯವರೇ ಬಾಯಿ ಬಿಟ್ಟರು: ಈ ಸೌಲಭ್ಯ ನಮ್ಮಲ್ಲಿ ಸಿದ್ಧವಾಗಿಯೇ ಇತ್ತು, ನಿಮ್ಮ ಉತ್ಸಾಹ ನೋಡಿ ಇವತ್ತೇ ಬಿಡುಗಡೆ ಮಾಡುತ್ತಿದ್ದೇವೆ.

ನೋಡಿ, ಸಿದ್ಧವಾಗಿಯೇ ಇತ್ತಂತೆ! ಇಷ್ಟು ವರ್ಷ ಅದರ ಮೇಲೆ ಕೂತಿದ್ದರು. ಇಂಥವರಿಗೆ ಏನು ಹೇಳೋಣ.

ರೆಂಡರಣ್ಣನಿಗೆ ಮಾತ್ರ ಸಂತೋಷದಲ್ಲಿ ಕಣ್ಣು ಮಂಜಾಯಿತು. ಹೊಸದನ್ನು ನಾಳೆ ಸಾವಕಾಶವಾಗಿ ಹಾಕಿಕೊಳ್ಳೋಣ, ಇವತ್ತು ಕೆಲಸ ಮಾಡುತ್ತಿರುವುದನ್ನು ಮುಟ್ಟುವುದು ಬೇಡ ಎಂದುಕೊಂಡು, ಮೇಷ್ಟ್ರನ್ನು ಎದುರುಗೊಳ್ಳಲು ಕೆಳಗೆ ಹೋದ. ಬುದ್ಧಿವಂತ ನಿರ್ಧಾರ. ಆದರೆ ಪರದೆಯ ಮೇಲೆ "ಹೊಸದು ಬಂದಿದೆ, ಹಾಕಲೇ?" ಎಂದು ಒಂದು ಚೌಕ ಮೂಡಿತು, ಖಾಲಿ ಕುರ್ಚಿಯ ಪಕ್ಕದಲ್ಲಿ ಬೀಮಣ್ಣ ಇದ್ದ. ಗೆಳೆಯನಿಗೆ ಒಂದು ಉಪಕಾರವಾಗಲಿ ಎಂದು ಹೂಂ ಒತ್ತಿದ.

ಮೇಷ್ಟ್ರು ಬಂದು ಕೂತರು. ಯಜಮಾನರು ಬೀಗುತ್ತ ಹೇಳಿದರು. "ಸಾರ್, ಹೋದ ಸಲದ ತಪ್ಪಿಗೆ ನಮ್ಮ ಹುಡುಗ ಕಂಪನಿ ಜೊತೆಗೇ ಜಗಳ ಆಡಿ ಸರಿ ಮಾಡಿಸಿದಾನೆ. ಹೊಸದು ಈಗಷ್ಟೇ ಹಾಕಿದ್ದಂತೆ. ಇನ್ನು ಸೂರ್ಯ ತಪ್ಪೋ ಹಾಗೇ ಇಲ್ಲ."

ಹಾಕಿದ್ದು ಎಂಬ ಮಾತು ಕೇಳಿ ರೆಂಡರಣ್ಣ ಬೀಮಣ್ಣನ ಕಡೆ ನೋಡಿದ. ಬೀಮಣ್ಣ ಹೆಬ್ಬೆರಳು ಎತ್ತಿ ತೋರಿಸಿದ. ಕೇಳಲು ಸಮಯವಿರಲಿಲ್ಲ. ಮನೆ ತೆರೆದುಕೊಂಡಿತು, ಬಾಗಿಲು ಸರಿಯಿತು, ಬೆಳಗಾಯಿತು. ಸೂರ್ಯ ಪಡುವಣದಲ್ಲಿ ಹುಟ್ಟಿ, ಬಚ್ಚಲುಮನೆಯ ಮೂಲಕ ನಡುಮನೆಗೆ ಬಂದ. ಹೋದೆಯಾ ಪಿಶಾಚಿ ಅಂದರೆ ಬಂದೆ ಗವಾಕ್ಷಿಯಲ್ಲಿ.

ಏನಾಯಿತೆಂದು ರೆಂಡರಣ್ಣನಿಗೆ ತಕ್ಷಣ ಹೊಳೆಯಿತು. ಬೆಳಿಗ್ಗೆ ಅವನು ಕೈಯಾರೆ ಕೊಟ್ಟ ಅರ್ಧ ಸುತ್ತು ಕಡತದೊಳಗೆ ಹಾಗೇ ಇತ್ತು. ಈಗ ಪ್ಲಗಿನ್ ಉತ್ತರವನ್ನು ತಾನೇ ಓದಿಕೊಂಡು ಇನ್ನರ್ಧ ಸುತ್ತು ಸೇರಿಸಿತ್ತು. ಸೂರ್ಯ ಪೂರ್ತಿ ಒಂದು ಸುತ್ತು ಹಾಕಿ ಹೊರಟ ಜಾಗಕ್ಕೇ ಬಂದು ನಿಂತಿದ್ದ. ಪರವಾಗಿಲ್ಲ, ಚಕ್ರವನ್ನು ಹಿಂದಕ್ಕೆ ತಿರುಗಿಸಿದರೆ ಆಯಿತು ಎಂದು ಮೂಲೆಗೆ ಹೋದ. ಚಕ್ರ ಇರಲಿಲ್ಲ. ಕಿತ್ತು ಬಿಸಾಕಿ ಎಂದು ಅವನೇ ಬರೆದಿದ್ದ, ದಪ್ಪಕ್ಷರದಲ್ಲಿ. ಕಂಪನಿಯವರು ಜೀವಮಾನದಲ್ಲಿ ಮೊದಲ ಸಲ ಗಿರಾಕಿಯ ಮಾತನ್ನು ಅಕ್ಷರಶಃ ಪಾಲಿಸಿದ್ದರು.

ಅವನಿಗೆ ಒಂದೇ ದಾರಿ ಕಂಡಿತು. ಮಾದರಿಯಲ್ಲಿದ್ದ ಉತ್ತರದ ಬಾಣವನ್ನೇ ಸದ್ದಿಲ್ಲದೆ ತಿರುಗಿಸಿಬಿಟ್ಟ. ಸೂರ್ಯ ಮೂಡಣಕ್ಕೆ ಹಾರಿ, ಬಿಸಿಲು ಕುರ್ಚಿಯ ಮೇಲೆ ಬಿತ್ತು.

ಮೇಷ್ಟ್ರು ಕನ್ನಡಕ ಸರಿಮಾಡಿಕೊಂಡು ಪರದೆಯ ಮೂಲೆಯ ಬಾಣವನ್ನು ನೋಡಿದರು.

"ಸೂರ್ಯನನ್ನ ಸರಿ ಮಾಡೋಕೆ ಆಗ್ಲಿಲ್ಲ ಅಂತ ಭೂಮೀನೇ ತಿರುಗಿಸಿದ್ರಾ? ಆ ಬಾಣದ ಪ್ರಕಾರ ನಮ್ಮ ಮನೆ ಮುಂದಿನ ರಸ್ತೆ ಹಿತ್ತಲಿಗೆ ಹೋಯ್ತಲ್ಲಪ್ಪ."

ಯಾರೂ ನಗಲಿಲ್ಲ. ಮೇಷ್ಟ್ರು ಎದ್ದರು. "ಮುಂದಿನ ವಾರ ಒಂದು ಸಲ ಬರ್ತೀನಿ. ಅದೇ ಕೊನೆ."

ಅವರು ಹೋದ ಮೇಲೆ ಯಜಮಾನರು ಕೂಗಾಡಲಿಲ್ಲ. ಕೂಗಾಡಿದ್ದರೆ ಚೆನ್ನಾಗಿತ್ತು. "ಅಷ್ಟರೊಳಗೆ ಆ ಚಕ್ರ ವಾಪಸ್ ಬಂದಿರ್ಬೇಕು. ಕಿತ್ತಾಕಿ ಅಂದೋನು ನೀನು. ತರಿಸ್ಕೊಡೋನೂ ನೀನೇ. ಆಗ್ಲಿಲ್ಲ ಅಂದ್ರೆ ನಿನ್ನ ದಾರಿ ನೀನು ನೋಡ್ಕೋ."

"ಸಾರ್, ಅಪ್‌ಡೇಟ್ ಒತ್ತಿದ್ದು..."

"ನಾನೇ ಒತ್ತಿದ್ದು, ಒಳ್ಳೇದಕ್ಕೆ ಅಂತ" ಎಂದು ಬೀಮಣ್ಣ ಧೈರ್ಯವಾಗಿ ಒಪ್ಪಿಕೊಂಡ. "ಕೇಳಿ ಹಾಕಿಸ್ಕೊಂಡಿದ್ದು ಅವನೇ ತಾನೇ ಸಾರ್?"

ರೆಂಡರಣ್ಣ ಮತ್ತೆ ವೆಬ್‌ಸೈಟ್ ತೆರೆದ. ಅಲ್ಲಿ ಬೆಂಕಿ ಬಿದ್ದಿತ್ತು. ಚಕ್ರವನ್ನು ಕೈಯಾರೆ ತಿರುಗಿಸಿಟ್ಟುಕೊಂಡಿದ್ದ ಎಲ್ಲರ ಮನೆಗಳಲ್ಲೂ ಸೂರ್ಯ ದಿಕ್ಕು ತಪ್ಪಿದ್ದ. ಒಬ್ಬನ ಆಸ್ಪತ್ರೆಗೆ ಶವಾಗಾರದ ಕಡೆಯಿಂದ ಬೆಳಗಿನ ಬಿಸಿಲು ಬರುತ್ತಿತ್ತು. ಕಂಪನಿಯವರು ಬಿಡುಗಡೆಯ ಪ್ರಕಟಣೆಯಲ್ಲಿ ರೆಂಡರಣ್ಣನ ಹೆಸರು ಹಾಕಿ, ಇವರ ಹೋರಾಟಕ್ಕೆ ನಮ್ಮ ಧನ್ಯವಾದ ಎಂದು ಬರೆದಿದ್ದರು. ಮಧ್ಯಾಹ್ನ ಅವನನ್ನು ಹೆಗಲ ಮೇಲೆ ಹೊತ್ತವರೆಲ್ಲ ಈಗ ಅವನನ್ನು ಹುಡುಕುತ್ತಿದ್ದರು. ಮಾಡಿದ್ದು ಕಂಪನಿ, ಒತ್ತಿದ್ದು ಬೀಮಣ್ಣ, ಬೈಗುಳ ಇವನಿಗೆ. ಇದು ಯಾವ ಸೀಮೆ ನ್ಯಾಯ?

ಆದರೂ ಅವನು ತಾಳ್ಮೆ ತಂದುಕೊಂಡ. ಬಹಳ ವಿನಯದಿಂದ ಹೊಸ ಬೇಡಿಕೆ ಬರೆದ. ನನ್ನಿಂದ ತಪ್ಪಾಯಿತು, ಚಕ್ರ ಎಷ್ಟು ಒಳ್ಳೆಯದೆಂದು ಈಗ ತಿಳಿಯಿತು, ದಯವಿಟ್ಟು ಮರಳಿಸಿ, ಇದರಲ್ಲಿ ನನ್ನ ಅನ್ನ ಇದೆ. ಓದಿ ನೋಡಿ ತೃಪ್ತಿಯಾಗಿ ಕಳಿಸುವ ಗುಂಡಿ ಒತ್ತಿದ.

ಹೋಗಲಿಲ್ಲ. ಕೆಂಪಕ್ಷರದಲ್ಲಿ ಒಂದು ಸಾಲು ಬಂತು: ಬಳಕೆದಾರರ ಬಹುಮತದ ತೀರ್ಮಾನದಂತೆ ನೀವು ಇನ್ನು ಮುಂದೆ ಇಲ್ಲಿ ಯಾವ ಬೇಡಿಕೆಯನ್ನೂ ಬರೆಯುವಂತಿಲ್ಲ.

ಅವನು ಅದನ್ನೇ ನೋಡುತ್ತಿದ್ದಾಗ ಫೋನು ಬಂತು. ಹೆಂಡತಿ. ಹಿಂದೆ ಹತ್ತಾರು ಜನರ ಗದ್ದಲ.

"ರೀ, ನೋಡಿದ್ರಾ? ಸಂಜೆ ತೆಗ್ದು ನೋಡಿದ್ರೆ ನಿಮ್ಮ ಹೆಸರು ಎಲ್ಲಕ್ಕಿಂತ ಮೇಲೆ, ದಪ್ಪಕ್ಷರದಲ್ಲಿ ಬಂದಿತ್ತು. ಯಾರೋ ಹೊಸದಾಗಿ ಹಾಕಿದ್ದು. ಬಹುಮತಕ್ಕೆ ಸ್ವಲ್ಪ ಕಮ್ಮಿ ಇತ್ತು. ಬಿಡ್ತೀನಾ ನಾನು? ಬೀದಿಯವರನ್ನೆಲ್ಲ ಮನೆಗೆ ಕರೆಸಿ, ಕೂರಿಸಿ, ಒಬ್ಬೊಬ್ಬರ ಕೈಲೂ ಒತ್ತಿಸಿ ಗೆಲ್ಲಿಸಿಬಿಟ್ಟೆ."

ರೆಂಡರಣ್ಣ ಪರದೆಯ ಕೆಂಪಕ್ಷರವನ್ನು ಇನ್ನೊಮ್ಮೆ ಓದಿದ. "ಅದರಲ್ಲಿ ಏನು ಬರ್ದಿದೆ ಅಂತ ಓದಿದ್ಯಾ?"

"ಆ ಕಂಪ್ಯೂಟರ್ ಭಾಷೆ ನಮಗೆಲ್ಲಿ ಅರ್ಥ ಆಗುತ್ತೆ? ನಿಮ್ಮ ಹೆಸರು ಇದ್ದಮೇಲೆ ನಿಮ್ಮ ಒಳ್ಳೇದಕ್ಕೇ ಇರುತ್ತೆ. ಎಲ್ಲರೂ ಇಲ್ಲೇ ಇದಾರೆ, ಪಾಪ, ಮನೆ ಕೆಲಸ ಬಿಟ್ಟು ಬಂದಿದಾರೆ. ಸ್ಪೀಕರ್‌ಗೆ ಹಾಕ್ತೀನಿ, ಒಂದು ಥ್ಯಾಂಕ್ಸ್ ಹೇಳಿ."

ರೆಂಡರಣ್ಣ ಹೇಳಿದ.