ಕೋಲ್ಡ್ ಸ್ಟೋರೇಜಿನಲ್ಲಿ ಅತ್ತೆಯ ದನಿ

"ಅಂಗಡಿಯವ್ರು ಕೊಟ್ಟದ್ದು ತರೂ ಮಂದಿ ಬ್ಯಾರೆ, ಸುರೇಖಾ. ನಾ ಭೌತಶಾಸ್ತ್ರ ಓದಿದಂವ. ಅಳದು ತರ್ತೇನಿ!"

ವಿಜಯಮಹಾಂತೇಶ ಹೀಗೆಂದು ಘೋಷಿಸಿದ್ದು ಮಾರ್ಚ್ ಕೊನೆಯ ಒಂದು ಶನಿವಾರ ಬೆಳಿಗ್ಗೆ. ಬ್ಯಾಡಗಿಯ ಮೆಣಸಿನಕಾಯಿ ಕೋಲ್ಡ್ ಸ್ಟೋರೇಜೊಂದರಲ್ಲಿ ಅವನು ಮೇಲ್ವಿಚಾರಕ. ಮೇಜಿನ ಮೇಲೆ ಅವನ ಲ್ಯಾಪ್‌ಟಾಪ್ ಹೊಟ್ಟೆ ಬಿಚ್ಚಿಸಿಕೊಂಡು ಬೋರಲು ಬಿದ್ದಿತ್ತು. ಅದು ಚಾಲೂ ಆಗಲು ಹನ್ನೊಂದು ನಿಮಿಷ ಬೇಕು ಎಂದು ಮೂರು ದಿನ ಗಡಿಯಾರ ಹಿಡಿದು ಅವನು ಸರಾಸರಿ ತೆಗೆದಿದ್ದ. ಒಳಗೆ ಕಡತಗಳನ್ನೆಲ್ಲ ಕೂಡಿಡುವ ಎಸ್‌ಎಸ್‌ಡಿ ತುಂಬಿಹೋಗಿತ್ತು. ದೊಡ್ಡದೊಂದನ್ನು ಹಾಕಬೇಕಿತ್ತು. ಮುಚ್ಚಳ ತೆಗೆದಾಗ ನಾಲ್ಕು ವರ್ಷದ ಮೆಣಸಿನ ಘಾಟು ಎದ್ದು ಹದಿನೇಳು ಸಲ ಸೀನಿದ್ದ. ಅದನ್ನೂ ಎಣಿಸಿದ್ದ.

"ಅದರೊಳಗ ನಮ್ಮವ್ವ ಅದಾಳ. ನೆನಪಿರಲಿ," ಎಂದಳು ಹೆಂಡತಿ ಸುರೇಖಾ.

ಕುಪ್ಪೇಲೂರಿನ ಪ್ರೇಮವ್ವ ತೀರಿಕೊಂಡು ಬರುವ ಬುಧವಾರಕ್ಕೆ ಒಂದು ವರ್ಷ. ಸಾಯುವುದಕ್ಕೆ ಒಂದು ತಿಂಗಳ ಮೊದಲು ಆಕೆ ಹಣ್ಣುಮೆಣಸಿನಕಾಯಿಯ ಚಟ್ನಿ, ಅಂದರೆ ರಂಜಕ, ಅರೆಯುತ್ತ ಮಗಳಿಗೆ ಅದರ ಹದ ಹೇಳಿಕೊಟ್ಟಿದ್ದಳು. ಸುರೇಖಾ ಅದನ್ನು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಂಡಿದ್ದಳು. ಆ ಮೊಬೈಲು ಕೆಟ್ಟಿತ್ತು. ಉಳಿದದ್ದು ಲ್ಯಾಪ್‌ಟಾಪಿನಲ್ಲಿದ್ದ ಒಂದೇ ಪ್ರತಿ. ಒಟ್ಟು ಒಂಬತ್ತು ನಿಮಿಷ. ಅದರಲ್ಲಿ ರಂಜಕಕ್ಕೆ ಸಂದದ್ದು ಮೂರು ನಿಮಿಷ. ಉಳಿದ ಆರು ನಿಮಿಷ ಅಳಿಯನ ಯೋಗ್ಯತೆಯ ಸಮಗ್ರ ವಿಮರ್ಶೆ! ಸುರೇಖಾ ಪ್ರತಿ ಸೋಮವಾರ ಅದನ್ನು ಹಾಕಿಕೊಂಡು ಕೇಳುತ್ತಿದ್ದಳು. ವಿಜಯಮಹಾಂತೇಶ ಪಕ್ಕದ ಕೋಣೆಯಲ್ಲಿ ಕುಳಿತು ಕೇಳಿಸಿಕೊಳ್ಳುತ್ತಿದ್ದ.

"ಬುಧವಾರ ಶೈಲಕ್ಕ, ತಮ್ಮ ಎಲ್ಲಾರೂ ಬರ್ತಾರ. ಅವ್ವನ ದನಿ ಕೇಳ್ಬೇಕು ಅಂದಾರ. ಮೊದ್ಲ ಅದನ್ನ ಬ್ಯಾರೆ ಕಡೆ ಕಾಪಿ ಮಾಡಿ ಇಡ್ರಿ."

"ಹೊಸಾದು ಬಂದ ಕೂಡ್ಲೇ ಮಾಡ್ತೇನಿ. ಎಲ್ಲಾದಕ್ಕೂ ಒಂದು ಕ್ರಮ ಇರ್ತೈತಿ."

ಕ್ರಮವಾಗಿ ಹಳೆಯ ಎಸ್‌ಎಸ್‌ಡಿಯನ್ನು ಹೊರತೆಗೆದ. ವರ್ನಿಯರ್ ಕ್ಯಾಲಿಪರ್ ಹಿಡಿದು ಐದೈದು ಸಲ ಅಳೆದ. ಉದ್ದ ಎಂಬತ್ತು ಮಿಲಿಮೀಟರ್, ಅಗಲ ಇಪ್ಪತ್ತೆರಡು. ಎರಡನ್ನೂ ಬರೆದು ಕೆಳಗೆ ಗೆರೆ ಎಳೆದ.

ಆಮೇಲೆ ಅದನ್ನು ಎಲ್ಲಿಡುವುದು ಎಂಬ ಪ್ರಶ್ನೆ ಬಂತು. ಹೊರಗೆ ಮೂವತ್ತೆಂಟು ಡಿಗ್ರಿ. ಇಂಥ ವಸ್ತುವಿಗೆ ಕಾವು ಒಳ್ಳೆಯದಲ್ಲ ಎಂದು ಅವನು ಓದಿದ್ದ. ಊರಿನ ಮೆಣಸಿನಕಾಯಿಯ ಬಣ್ಣವನ್ನೆಲ್ಲ ವರ್ಷಗಟ್ಟಲೆ ಕಾಯುವ ನಾಲ್ಕು ಡಿಗ್ರಿಯ ಕೋಣೆಗಳು ಅವನದೇ ಸುಪರ್ದಿಯಲ್ಲಿರುವಾಗ ಮನೆಯ ಕಪಾಟು ಯಾಕೆ? ಮೆಣಸಿನಕಾಯಿಯ ಮಾದರಿ ತುಂಬುವ ಪ್ಲಾಸ್ಟಿಕ್ ಕೈಚೀಲದಲ್ಲಿ ಅದನ್ನು ಹಾಕಿ, ಬಾಯಿ ಕಟ್ಟಿ, "ಲಾಟ್ 417. ಅತ್ತೆ" ಎಂದು ಚೀಟಿ ಅಂಟಿಸಿ, ನಾಲ್ಕನೆಯ ಕೋಣೆಯಲ್ಲಿಟ್ಟು ಬಂದ.

ಸುದ್ದಿ ಕೇಳಿ ಸುರೇಖಾ ಹಣೆ ಒತ್ತಿಕೊಂಡಳು. "ಅಲ್ರೀ, ಇದ್ದಾಗ ಅವ್ವಗ ಫ್ಯಾನಿನ ಗಾಳೀನೂ ಆಗ್ತಿದ್ದಿಲ್ಲ. ಸತ್ತ ಮ್ಯಾಲೆ ಥಂಡಿ ಹತ್ತಸ್ತೀರೇನು?"

ಅಂದೇ ಮಧ್ಯಾಹ್ನ ರಾಣೇಬೆನ್ನೂರಿನಲ್ಲಿ ಕಂಪ್ಯೂಟರ್ ಅಂಗಡಿಯ ನಯಾಜ ಒಂದೇ ಪ್ರಶ್ನೆ ಕೇಳಿದ. "ಸರ್, ಲ್ಯಾಪ್‌ಟಾಪ್ ಮಾಡೆಲ್ ಯಾವುದ್ರಿ?"

"ಎಂಬತ್ತು, ಇಪ್ಪತ್ತೆರಡು."

"ಅದು ಅಳತಿರಿ. ನಾ ಕೇಳಿದ್ದು ಮಾಡೆಲ್."

"ಅಳತಿ ಸರಿ ಇದ್ರ ಎಲ್ಲಾ ಸರಿ ಇರ್ತೈತಿ. ಅಲ್ಲೈತಲ್ಲ, ಅದನ್ನ ಕೊಡು."

ಮನೆಗೆ ತಂದು ಕೂರಿಸಿದ. ಸೀರೆಗೆ ಹೊಲಿಸಿದ ಕುಪ್ಪಸದ ಹಾಗೆ ಕೂತಿತು! ಸ್ಕ್ರೂ ಕೂಡ ಒಂದೇ ಸಲಕ್ಕೆ ಹಿಡಿಯಿತು. ವಿಜಯಮಹಾಂತೇಶ ಮೀಸೆ ತಿರುವಿ ಗುಂಡಿ ಒತ್ತಿದ. ಪರದೆಯ ಮೇಲೆ ಒಂದು ಸಾಲು ಬಂತು: ಇಲ್ಲಿ ಯಾವ ಡ್ರೈವೂ ಇಲ್ಲ.

"ಎತ್ತರ ನೋಡಿ ಗಂಡ ಗೊತ್ತ ಮಾಡಿದಂಗಾತು," ಎಂದಳು ಸುರೇಖಾ. "ನಮ್ಮವ್ವನೂ ಹಂಗ ಮಾಡಿ ಮೋಸ ಹೋದ್ಲು."

ಸೋಮವಾರ ಲ್ಯಾಪ್‌ಟಾಪನ್ನೇ ಬಗಲಲ್ಲಿಟ್ಟುಕೊಂಡು ಮತ್ತೆ ರಾಣೇಬೆನ್ನೂರಿಗೆ ಹೋದ. ನಯಾಜ ನಗಲಿಲ್ಲ, ಅದೇ ಹೆಚ್ಚು ನೋಯಿಸಿತು. "ಸರ್, ಇವು ನೋಡಾಕ ಅವಳಿ-ಜವಳಿ. ಮಾತಾಡೂ ಭಾಷಾ ಬ್ಯಾರೆ ಬ್ಯಾರೆ. ನೀವು ಒಯ್ದದ್ದು ಸಾಟಾ. ಇದಕ್ಕ ಎನ್‌ವಿಎಂಇ ಬೇಕು. ನಾ ಮಾಡೆಲ್ ಕೇಳಿದ್ನಿ, ನೀವು ಮಿಲಿಮೀಟರ್ ಹೇಳಿದ್ರಿ." ಸರಿಯಾದದ್ದು ಹುಬ್ಬಳ್ಳಿಯಿಂದ ಬರಬೇಕಿತ್ತು. ಮಂಗಳವಾರ ಮಧ್ಯಾಹ್ನ ಬಂತು. ನಯಾಜನೇ ಅದನ್ನು ಕೂರಿಸಿ, ಬೇಕಾದ ಸಾಫ್ಟ್‌ವೇರೆಲ್ಲ ತುಂಬಿ, ಒಂದು ಪುಟ್ಟ ಡಬ್ಬಿಯನ್ನೂ ಕೊಟ್ಟ. "ಹಳೇದನ್ನ ಇದರಾಗ ಹಾಕಿ, ವೈರ್ ಚುಚ್ಚಿ ಕಾಪಿ ಮಾಡ್ಕೋರಿ. ಗಡಬಡಿ ಮಾಡಬ್ಯಾಡ್ರಿ."

ಗಡಬಡಿ ಮಾಡದಿರಲು ಸಮಯವೆಲ್ಲಿತ್ತು? ಬೆಳಗಾದರೆ ವರ್ಷದ ದಿನ. ವಿಜಯಮಹಾಂತೇಶ ನೇರವಾಗಿ ಕೋಲ್ಡ್ ಸ್ಟೋರೇಜಿಗೆ ಬಂದ. ಹಿಂದಿನ ಸಂಜೆ ಬೇಸಿಗೆಯ ಅಡ್ಡಮಳೆ ಸುರಿದು ಗಾಳಿ ಹಸಿಬಟ್ಟೆಯಂತೆ ಮೈಗೆ ಅಂಟುತ್ತಿತ್ತು. ನಾಲ್ಕನೆಯ ಕೋಣೆಯಿಂದ ಅತ್ತೆಯನ್ನು ಹೊರತಂದು, ಬಾಗಿಲ ಬಳಿಯ ಮೇಜಿನ ಮೇಲಿಟ್ಟು, ಚೀಲದ ಗಂಟಿಗೆ ಕೈ ಹಾಕಿದ.

"ಸಾಹೇಬ್ರ," ಎಂದ ಹಮಾಲಿ ಗೂಡುಸಾಬ, ಗೋಡೆಯತ್ತ ಬೆರಳು ತೋರಿಸಿ. "ಇಪ್ಪತ್ನಾಕ ತಾಸು ತಡೀಬೇಕಲ್ರಿ?"

ಗೋಡೆಯ ಮೇಲೆ ಕೆಂಪು ಅಕ್ಷರದ ಬೋರ್ಡಿತ್ತು: "ಹೊರತಂದ ಚೀಲವನ್ನು 24 ತಾಸು ಬಿಚ್ಚಬಾರದು. ತಂಪು ಮಾಲಿಗೆ ಹೊರಗಿನ ಗಾಳಿ ತಾಗಿದರೆ ನೀರು ಕೂಡುತ್ತದೆ. ವಿಜಯಮಹಾಂತೇಶ, ಬಿ.ಎಸ್ಸಿ." ಹೋದ ವರ್ಷ ಇದನ್ನು ಮೀರಿದ್ದಕ್ಕೆ ಗೂಡುಸಾಬನಿಗೆ ಅವನು ಅರ್ಧ ತಾಸು ಪಾಠ ಮಾಡಿದ್ದ.

"ಅದು ಮೆಣಸಿನಕಾಯಿಗೆ, ಗೂಡುಸಾಬ! ಇದು ವಿಜ್ಞಾನ!"

ಚೀಲ ಬಿಚ್ಚಿದ. ಡಬ್ಬಿಗೆ ಹಾಕಿದ. ವೈರು ಚುಚ್ಚಿದ. ನೀಲಿ ದೀಪ ಒಮ್ಮೆ ಕಣ್ಣು ಬಿಟ್ಟಿತು. ಆಮೇಲೆ ಮುಚ್ಚಿತು. ಡಬ್ಬಿ ತೆರೆದರೆ ಎಸ್‌ಎಸ್‌ಡಿಯ ಮೈತುಂಬ ಸಾಸಿವೆ ಕಾಳಿನಷ್ಟು ಸಣ್ಣ ನೀರ ಹನಿಗಳು. ಸಣ್ಣಗೆ ಸುಟ್ಟ ವಾಸನೆ. ಗೂಡುಸಾಬ ಟೋಪಿ ತೆಗೆದು ಕೈಯಲ್ಲಿ ಹಿಡಿದು ನಿಂತ.

ರಾಣೇಬೆನ್ನೂರಿಗೆ ಮತ್ತೊಮ್ಮೆ ಓಡಿದ್ದಾಯಿತು. ನಯಾಜ ಎರಡು ತಾಸು ಒದ್ದಾಡಿ ತಲೆ ಅಲ್ಲಾಡಿಸಿದ. "ಚಿಪ್ ಸುಟ್ಟೈತ್ರಿ. ಇನ್ನ ಮಾತಾಡೂದಿಲ್ಲ."

ಸುರೇಖಾ ಕೂಗಾಡಲಿಲ್ಲ. ಸುಟ್ಟದ್ದನ್ನು ಅಂಗೈ ಮೇಲಿಟ್ಟುಕೊಂಡು ಕೇಳಿದಳು. "ಖರೇ ಹೇಳ್ರಿ. ಆ ಬೈಗುಳ ಹಾಳಾಗಲಿ ಅಂತ ಬೇಕಂತ ಮಾಡಿದ್ರೇನು?"

ಹಾಗಲ್ಲ ಎಂದು ಅಳೆದು ತೋರಿಸುವ ಯಾವ ಉಪಕರಣವೂ ವಿಜಯಮಹಾಂತೇಶನಲ್ಲಿರಲಿಲ್ಲ.

ಬುಧವಾರ ಪೂಜೆ ಮುಗಿಯಿತು. ಅವ್ವನ ಫೋಟೋದ ಮುಂದೆ ಇಡಲು ಅಕ್ಕತಂಗಿಯರು ರಂಜಕ ಅರೆಯಲು ಕೂತರು. ಒಳಕಲ್ಲಿನ ಮುಂದೆ ಸುರೇಖಾಳ ಕೈ ನಿಂತಿತು.

"ಶೈಲಕ್ಕ, ಉಪ್ಪು ಎಷ್ಟಂದಿದ್ಲು ಅವ್ವ?"

ಶೈಲಾಳಿಗೂ ಗೊತ್ತಿರಲಿಲ್ಲ.

ಬಾಗಿಲ ಬಳಿಯಿಂದ ಸಣ್ಣ ದನಿಯೊಂದು ಬಂತು. "ಮೂರನೇ ನಿಮಿಷ. 'ಉಪ್ಪು ಮುಷ್ಟಿಲೆ ಹಾಕವ್ವ. ನಿನ್ನ ಗಂಡನಂಗ ತಕ್ಕಡಿ ಹುಡಕ್ಕೋತ ಕುಂತ್ರ ಕಾಯಿ ಕೊಳೀತಾವು.'"

ಎಲ್ಲರೂ ತಿರುಗಿ ನೋಡಿದರು. ವಿಜಯಮಹಾಂತೇಶ ನೆಲ ನೋಡುತ್ತ ನಿಂತಿದ್ದ.

"ಮುಂದ?" ಎಂದಳು ಸುರೇಖಾ.

"ಮುಂದ ಬರೇ ನನಗ ಬೈದದ್ದು ಐತಿ."

"ಅದನ್ನ ಹೇಳ್ರಿ."

ಹೇಳಿದ. ಆರೂ ನಿಮಿಷ, ಒಂದಕ್ಷರ ಬಿಡದೆ. ಅತ್ತೆ ಕೆಮ್ಮಿದಲ್ಲಿ ಕೆಮ್ಮಿದ. "ನೀರು ಕೊಡ" ಎಂದಲ್ಲಿ ತಡೆದು ನಿಂತ. "ಹುಂಬ" ಎಂದು ಎರಡು ಸಲ ಅಂದಲ್ಲಿ ಎರಡು ಸಲ ಅಂದ. ಶೈಲಾ ಸೆರಗು ಬಾಯಿಗೊತ್ತಿ ನಗುತ್ತಿದ್ದಳೋ ಅಳುತ್ತಿದ್ದಳೋ ತಿಳಿಯಲಿಲ್ಲ. ಸುರೇಖಾ ಕಣ್ಣು ಮುಚ್ಚಿಕೊಂಡೇ ಅರೆದಳು.

ಮುಗಿದ ಮೇಲೆ ಕಣ್ಣೊರೆಸಿಕೊಂಡು ಅಂದಳು. "ಒಂದ ಬಿಟ್ರಿ."

"ಯಾವುದು? ಏನೂ ಬಿಟ್ಟಿಲ್ಲ!"

"'ಎಲ್ಲಾ ಅಳೀತಾನ. ತಾ ಬರದ ಬೋರ್ಡ್ ತಾನ ಓದೂದಿಲ್ಲ.'"

"ಅತ್ತಿ ಇದನ್ನ ಅಂದಿದ್ದಿಲ್ಲ, ಸುರೇಖಾ!"

"ಇದ್ದಿದ್ರ ಅಂತಿದ್ಲು," ಎಂದಳು ಸುರೇಖಾ, ರಂಜಕದ ಬೆರಳನ್ನು ಅವನ ನಾಲಿಗೆಗೆ ಹಚ್ಚುತ್ತ. "ಬರೂ ವರ್ಷದಿಂದ ಸೇರಿಸಿ ಹೇಳ್ರಿ."