ಅಣ್ಣನ ಬ್ಯಾಂಜೋಗೆ ಬೀಳದ ಚಪ್ಪಾಳೆ

ನಮ್ಮಣ್ಣನ ಆಲ್ಬಮ್ಮಿನ ವಿಮರ್ಶೆಗೆ ಮುಂಚೆ ಒಂದು ತಪ್ಪು ಒಪ್ಪಿಕೊಳ್ಳಬೇಕು: ಅವನಿಗೆ ಹೇಳಲೇಬೇಕಾದ ಮಾತೊಂದನ್ನು ನಾನು ಬಹಳ ದಿನ ಹೇಳಲಿಲ್ಲ. ಹೇಗೆ ಹೇಳಲಿ? ಅವನು ಅರೆಹುಚ್ಚ, ನಾನು ಪೂರಾ ಹೇಡಿ!

ಧಾರವಾಡದವನು ಕೆನಡಾದ ಮಾಲ್ಟನ್ನಿನಲ್ಲಿ ಟ್ರಕ್ಕು ಓಡಿಸುತ್ತಾನೆ, ಸರಿ. ಕೌಬಾಯ್ ಟೋಪಿ ಹಾಕಿಕೊಂಡೇ ಮನೆಮುಂದಿನ ಹಿಮ ಎತ್ತಿಹಾಕಬೇಕೇ? ತಮಟೆಗೆ ತಂತಿ ಬಿಗಿದಂತಿರುವ ಆ ಬ್ಯಾಂಜೋವನ್ನು ಸತ್ಯನಾರಾಯಣ ಪೂಜೆಗೂ ತರಬೇಕೇ? ಅವನು ಬಾರಿಸಿದ ರಭಸಕ್ಕೆ ಭಟ್ಟರ ಕೈ ಓಡಿ ಮಂಗಳಾರತಿಯೇ ಆರಿಹೋಯಿತು!

ಇಂಥವನ ತಂಡ ಪಕ್ಕದ ಪೋರ್ಟ್ ಕ್ರೆಡಿಟ್ಟಿನ ಸಭಾಂಗಣದಲ್ಲಿ ಜನರೆದುರೇ ಕಂಟ್ರಿ, ಬ್ಲೂಗ್ರಾಸ್ ಎಂಬ ಅಮೆರಿಕದ ಹಳ್ಳಿಹಾಡು ಹಾಡಿ ರೆಕಾರ್ಡ್ ಮಾಡಿತು. ಮೂರು ಹಾಡಿನಲ್ಲಿ ಹೆಂಡತಿ ಬಿಟ್ಟುಹೋಗುತ್ತಾಳೆ, ಒಬ್ಬಳೂ ತಿರುಗಿ ಬರುವುದಿಲ್ಲ! ಅದಿರಲಿ, ನನಗೆ ಮೈ ಉರಿದದ್ದು ಕೇಳುಗರನ್ನು ಕಂಡು. ಹಾಡು ಇನ್ನೂ ನಡೆದಿದೆ. ಪಿಟೀಲಿನವನು ಒಂದು ಸುತ್ತು ಬಾರಿಸಿದರೆ ಚಪ್ಪಾಳೆ, ಗಿಟಾರಿನವನಿಗೆ ಚಪ್ಪಾಳೆ, ಸಿಳ್ಳೆ ಬೇರೆ! ಸಂಗೀತದ ನಡುವೆ ಇದೆಂಥ ಗದ್ದಲ? ನಮ್ಮೂರ ಬೈಠಕ್ಕಿನಲ್ಲಾಗಿದ್ದರೆ ಹೊರಗೆ ಕಳಿಸುತ್ತಿದ್ದರು.

ಅಣ್ಣ ಒಬ್ಬನೇ ಬಾರಿಸುವ ಜಾಗ ಇಡೀ ಆಲ್ಬಮ್ಮಿಗೆ ಒಂದೇ. ಟೋಪಿಯನ್ನು ಹುಬ್ಬಿನ ತನಕ ಇಳಿಸಿ, ಕಣ್ಣು ಮುಚ್ಚಿ ಬಾರಿಸಿದ. ಅವನ ಸುತ್ತು ಮುಗಿದದ್ದೇ ಜನ ಚಪ್ಪಾಳೆಗೆ ಕೈ ಎತ್ತಿದರು. ನನ್ನಣ್ಣನಿಗೆ ಅವಮಾನವೇ? ಮುಂದಿನ ಸಾಲಿನಿಂದ ಎದ್ದು, ಅವರತ್ತ ತಿರುಗಿ, "ಶ್ಶ್ಶ್!" ಅಂದೆ. ಇಡೀ ಸಭಾಂಗಣ ಗಪ್‌ಚಿಪ್. ಕೆನಡಾದವರು ಎಷ್ಟಾದರೂ ಮರ್ಯಾದಸ್ಥರು! ವೇದಿಕೆಯ ಮೇಲಿನವರ ಕಣ್ಣಿಗೆ ದೀಪದ ಬೆಳಕು, ನಾನು ಕಾಣಲಿಲ್ಲ.

ಮನೆಗೆ ಬರುವಾಗ ಮಗಳು ತಲೆ ಚಚ್ಚಿಕೊಂಡಳು. "ಮಮ್ಮಿ! ಇಲ್ಲಿ ಸೋಲೋ ಮುಗಿದ್ಮೇಲೆ ಕ್ಲ್ಯಾಪ್ ಮಾಡೋದೇ ರೆಸ್ಪೆಕ್ಟ್!"

ಈಗ ಆಲ್ಬಮ್ ಬಂದಿದೆ. ಎಲ್ಲರಿಗೂ ಚಪ್ಪಾಳೆ, ಅಣ್ಣನಿಗೆ ಮಾತ್ರ ಒಂದು "ಶ್ಶ್ಶ್". ಅದು ಹೀಟರಿನ ಸಪ್ಪಳ ಅಂದುಕೊಂಡಿದ್ದ ಅವನು.

ಮೊನ್ನೆ ಅವನೇ ಬಂದ. "ತಂಗಿ, ಕನ್ನಡ ಸಂಘದ ಪತ್ರಿಕಿಗೆ ಇದರ ವಿಮರ್ಶೆ ನೀನ ಬರಿ."

"ಏಳನೇ ಕ್ಲಾಸಿಗೇ ಸಾಲಿ ಬಿಟ್ಟಾಕಿ ನಾ. ಏನ್ ಬರೀಲಿ?"

"ಅದಕ್ಕ ಹೇಳಿದ್ದು. ಓದಿದವರು ಸುಳ್ಳ ಹೊಗಳ್ತಾರ. ನೀ ಹಂಗಲ್ಲ."

ನಾನು ಚಹಾ ಸೋಸುವ ನೆಪ ಮಾಡಿ ತಿರುಗಿ ನಿಂತೆ.

"ನನ್ನ ಸೋಲೋ ಒಂದು ಬಿಟ್ಟು ಬರಿ," ಅಂದ. "ಜನಕ್ಕ ಸೇರಲಿಲ್ಲ ಅದು. ಒಬ್ಬರೂ ಕೈ ತಟ್ಟಲಿಲ್ಲ. ಬ್ಯಾಂಜೋ ಮಾರಿಬಿಡ್ತೀನವಾ, ಸಾಕು."

ಟೋಪಿ ತೆಗೆದು ತೊಡೆಯ ಮೇಲಿಟ್ಟುಕೊಂಡಿದ್ದ. ಇಷ್ಟೊಂದು ಕೂದಲು ಯಾವಾಗ ಬೆಳ್ಳಗಾದವು ಇವನವು?

"ಅಣ್ಣಾ, ಅವರೆಲ್ಲಾ ನಿನಗ ಚಪ್ಪಾಳಿ ಹೊಡಿಯಾಕ ಕೈ ಎತ್ತಿದ್ರೋ. ಎತ್ತಿದ ಕೈ ಇಳಿಸಿದಾಕಿ ನಾನು. ತಪ್ಪಾತೋ ಅಣ್ಣಾ."