ಚಿಕ್ಕದೇ ಬಾಳ್ವಿಕೆ

ಮೊಬೈಲ್ ಅಂಗಡಿಯವನು ತಮಾಷೆ ಹುಡುಕಿ ಹೋಗಬೇಕಾಗಿಲ್ಲ. ಚಾರ್ಜ್ ಮುಗಿದ ಕೂಡಲೇ ಅದೇ ಮೆಟ್ಟಿಲು ಹತ್ತಿ ಬರುತ್ತದೆ. ಉರ್ವದಲ್ಲಿ ನನ್ನ ಅಂಗಡಿ. ಹಿಂದಿನ ಮುಚ್ಚಳ ತೆಗೆಯಲು ಬರುವ ಒಂದು ಮಾಡೆಲ್‌ಗೆಂದು ಪೆಟ್ಟಿಗೆ ತುಂಬ ಎಕ್ಸ್‌ಟೆಂಡೆಡ್ ಬ್ಯಾಟರಿ ತರಿಸಿದ್ದೆ. ಮಾಮೂಲಿಯ ಎರಡರಷ್ಟು ತಾಕತ್ತು, ಎರಡರಷ್ಟು ದಪ್ಪ. ಜೊತೆಗೆ ಬೆನ್ನು ಉಬ್ಬಿದ ಮುಚ್ಚಳ. ಮಾಡೆಲ್ ಹಳತಾಗುವ ಮೊದಲು ಪೆಟ್ಟಿಗೆ ಖಾಲಿಯಾಗದಿದ್ದರೆ ಅಷ್ಟೂ ಕಸ.

ಇವತ್ತಿನ ಮಾಲು

ಮೊದಲು ಬಂದವರು ಮೀನು ಮಾರುವ ಹೆಂಗಸು. ಚಿಕ್ಕದು, ದೊಡ್ಡದು ಎರಡನ್ನೂ ಮುಂದಿಟ್ಟೆ. "ವ್ಯತ್ಯಾಸ ಎಂತ?" ಎಂದರು. ನಾನು ಮಿಲಿಯಾಂಪ್ ಪುರಾಣ ತೆಗೆದೆ. ಅವರು ಕೇಳಲೇ ಇಲ್ಲ. ಎರಡೂ ಬ್ಯಾಟರಿಯನ್ನು ಅಂಗೈಯಲ್ಲಿ ತೂಗಿದರು, ಹೆಬ್ಬೆರಳಲ್ಲಿ ಒತ್ತಿದರು, ಮೂಸಿಯೂ ನೋಡಿದರು.

"ದೊಡ್ಡದಕ್ಕೆ ರುಚಿ ಇಲ್ಲ ಮಾರಾಯ್ರೇ. ಚಿಕ್ಕದೇ ಕೊಡಿ. ಆದರೆ ಇವತ್ತು ಬಂದದ್ದು ಬೇಕು."

ಬರೀ ಮುಚ್ಚಳ

ಕದ್ರಿಯ ಆಫೀಸರೊಬ್ಬರು ಬಂದರು. "ನನ್ನ ಮಾಮೂಲಿ ಬ್ಯಾಟರಿ ತಾನಾಗಿ ದೊಡ್ಡದಾಗಿದೆ. ಉಬ್ಬಿದ ಮುಚ್ಚಳ ಮಾತ್ರ ಸಾಕು." ಬಿಚ್ಚಿದರೆ ಬ್ಯಾಟರಿ ಎಣ್ಣೆಯಲ್ಲಿ ಉಬ್ಬಿದ ಗೋಳಿಬಜೆ!

"ಸರ್, ಇದು ಕೆಟ್ಟು ಊದಿದ್ದು. ಬೆಂಕಿ ಹಿಡಿಯಬಹುದು!"

ಅವರು ನನ್ನ ದೊಡ್ಡ ಬ್ಯಾಟರಿಯನ್ನು ದಿಟ್ಟಿಸಿದರು. "ಹಾಗಾದ್ರೆ ನೀವು ಊದಿದ್ದನ್ನೇ ಮಾರುವುದಾ?"

ಅವರೂ ಚಿಕ್ಕದನ್ನೇ ಒಯ್ದರು.

ದಕ್ಕೆಯ ಪರೀಕ್ಷೆ

ಉಳಿದದ್ದು ಒಂದೇ ಆಸೆ: ಬಂದರಿನ ಮೀನಿನ ಸಗಟು ಧಣಿ. ಅವರ ಲೆಕ್ಕ ಬರೆಯುವ ರೈಟರ್‌ಗಳಿಗೆಲ್ಲ ಅದೇ ಮಾಡೆಲ್. ಧಣಿ ಮಾತು ನಂಬುವವರಲ್ಲ. ಒಬ್ಬ ರೈಟರ್‌ಗೆ ದೊಡ್ಡದು, ಇನ್ನೊಬ್ಬನಿಗೆ ಚಿಕ್ಕದು ಹಾಕಿಸಿ, ಬೆಳಿಗ್ಗೆ ಇಬ್ಬರನ್ನೂ ಬೋಟು ನಿಲ್ಲುವ ದಕ್ಕೆಗೆ ಬಿಟ್ಟರು.

ಮಧ್ಯಾಹ್ನಕ್ಕೆ ದೊಡ್ಡದು ಸತ್ತಿತು. ಚಿಕ್ಕದು ಸಂಜೆಗೂ ಜೀವಂತ!

ವಿಚಾರಿಸಿದೆ. ಉಬ್ಬಿದ ಬೆನ್ನು ಕಂಡದ್ದೇ ತಡ, ಐಸಿನವನು "ಒಂದು ಕಾಲ್ ಮಾಡ್ಲಿಕ್ಕೆ ಕೊಡು", ಲಾರಿಯವನು "ಸ್ವಲ್ಪ ಹಾಟ್‌ಸ್ಪಾಟ್", ಬೋಟಿನವನು ಹೆಂಡತಿ ಜೊತೆ ಒಂದು ಗಂಟೆ ವಿಡಿಯೋ ಕಾಲ್. ಇನ್ನೊಬ್ಬ ರೈಟರ್ ಮಾತ್ರ ಕೇಳಿದವರಿಗೆಲ್ಲ, "ನನ್ನದು ಚಿಕ್ಕದು ಮಾರಾಯ" ಎಂದು ಕಿಸೆ ಒತ್ತಿ ಹಿಡಿದಿದ್ದ.

ಧಣಿ ತೀರ್ಪು ಕೊಟ್ಟರು: "ಚಿಕ್ಕದೇ ಬಾಳ್ವಿಕೆ. ಎಲ್ಲರಿಗೂ ಚಿಕ್ಕದೇ."

ಪೆಟ್ಟಿಗೆ ಮುಳುಗಿತು ಅಂದುಕೊಂಡೆ. ಆದರೆ ಮರುದಿನದಿಂದ ಅವರ ರೈಟರ್‌ಗಳು ಒಬ್ಬೊಬ್ಬರೇ ಕದ್ದು ಬಂದರು. ಎಲ್ಲರದ್ದೂ ಒಂದೇ ಪಿಸುಮಾತು: "ದೊಡ್ಡದು ಹಾಕಿ. ಬೆನ್ನು ಕಾಣದ ಹಾಗೆ ದಪ್ಪ ಪೌಚ್ ಕೊಡಿ. ಕೇಳಿದವರಿಗೆ ಚಿಕ್ಕದು ಅಂತ ಹೇಳ್ತೇನೆ."

ವಾರದಲ್ಲಿ ಪೆಟ್ಟಿಗೆ ಖಾಲಿ.

ಕೊನೆಗೆ ಧಣಿಯೇ ಬಂದರು, ಎದೆ ಉಬ್ಬಿಸಿಕೊಂಡು. "ನೋಡಿದ್ರಾ? ಈಗ ನಮ್ಮಲ್ಲಿ ಒಬ್ಬನ ಫೋನೂ ಸಾಯುವುದಿಲ್ಲ. ನಾನು ಹೇಳಿದ್ದೆ ಅಲ್ವಾ, ಚಿಕ್ಕದೇ ಬಾಳ್ವಿಕೆ! ನನಗೂ ಒಂದು ಕೊಡಿ."

ಗಿರಾಕಿ ಮಾತಿಗೆ ಎದುರಾಡಬಾರದು. ಚಿಕ್ಕದನ್ನೇ ಕೊಟ್ಟೆ.